ದಿ ಸ್ಟೇಷನ್ ನೈಟ್‌ಕ್ಲಬ್ ಅಗ್ನಿ ದುರಂತ

ದಿ ಸ್ಟೇಷನ್ ನೈಟ್‌ಕ್ಲಬ್ ಅಗ್ನಿ ದುರಂತವು ಅಮೆರಿಕ ಸಂಯುಕ್ತ ಸಂಸ್ಥಾನದ ರೋಡ್ ಐಲೆಂಡ್ ರಾಜ್ಯದ ವೆಸ್ಟ್ ವಾರ್ವಿಕ್ ಪಟ್ಟಣದಲ್ಲಿ 2003ರ ಫೆಬ್ರವರಿ 20ರ ರಾತ್ರಿ ಸಂಭವಿಸಿತು. 'ಗ್ರೇಟ್ ವೈಟ್' ಎಂಬ ರಾಕ್ ವಾದ್ಯವೃಂದದ ಕಾರ್ಯಕ್ರಮದ ಆರಂಭದಲ್ಲಿ ವೇದಿಕೆಯ ಮೇಲೆ ಹೊತ್ತಿಸಿದ ಪೈರೋಟೆಕ್ನಿಕ್ ಸಾಧನಗಳ ಕಿಡಿಗಳು ಗೋಡೆ ಮತ್ತು ಛಾವಣಿಗೆ ಅಂಟಿಸಲಾಗಿದ್ದ ಪಾಲಿಯುರೆಥೇನ್ ಫೋಮ್‌ಗೆ ತಗುಲಿ ಬೆಂಕಿ ಹತ್ತಿಕೊಂಡಿತು. ಈ ದುರಂತದಲ್ಲಿ 100 ಜನರು ಮೃತಪಟ್ಟರು ಮತ್ತು 200ಕ್ಕೂ ಹೆಚ್ಚು ಜನರು ಗಾಯಗೊಂಡರು. ಇದು ಅಮೆರಿಕದ ಇತಿಹಾಸದಲ್ಲಿ ಅತಿ ಹೆಚ್ಚು ಸಾವುಗಳಿಗೆ ಕಾರಣವಾದ ನೈಟ್‌ಕ್ಲಬ್ ಅಗ್ನಿ ದುರಂತಗಳಲ್ಲಿ ನಾಲ್ಕನೆಯದು. ನೇರ ಸಂಗೀತ ಕಾರ್ಯಕ್ರಮಗಳಲ್ಲಿ ಪೈರೋಟೆಕ್ನಿಕ್ಸ್ ಬಳಕೆಯ ಸುರಕ್ಷತೆ ಹಾಗೂ ಹೊಣೆಗಾರಿಕೆಯ ಕುರಿತ ಅಧ್ಯಯನಗಳಲ್ಲಿ ಈ ಘಟನೆಯನ್ನು ಪ್ರಮುಖ ಉದಾಹರಣೆಯಾಗಿ ಪರಿಗಣಿಸಲಾಗುತ್ತದೆ.

ಹಿನ್ನೆಲೆ

ಕಟ್ಟಡ

ದಿ ಸ್ಟೇಷನ್ ನೈಟ್‌ಕ್ಲಬ್ ವೆಸ್ಟ್ ವಾರ್ವಿಕ್‌ನ ಕೌಸೆಟ್ ಅವೆನ್ಯೂದಲ್ಲಿದ್ದ, ಮರದ ಚೌಕಟ್ಟಿನ ಒಂದೇ ಅಂತಸ್ತಿನ ಹಳೆಯ ಕಟ್ಟಡವಾಗಿತ್ತು. ಕಟ್ಟಡದಲ್ಲಿ ಬೆಂಕಿಯ ತಾಪಕ್ಕೆ ತಾವಾಗಿಯೇ ನೀರು ಸಿಂಪಡಿಸುವ ಸ್ಪ್ರಿಂಕ್ಲರ್ ವ್ಯವಸ್ಥೆ ಇರಲಿಲ್ಲ. ಬೆಂಕಿಯ ಎಚ್ಚರಿಕೆ ಗಂಟೆ ಇದ್ದರೂ ಅದು ಅಗ್ನಿಶಾಮಕ ಠಾಣೆಗೆ ನೇರ ಸಂಪರ್ಕ ಹೊಂದಿರಲಿಲ್ಲ. ಹೊರಹೋಗಲು ನಾಲ್ಕು ದಾರಿಗಳಿದ್ದವು: ಮುಂಭಾಗದ ಮುಖ್ಯದ್ವಾರ, ಬಾರ್ ಬದಿಯ ಬಾಗಿಲು, ಅಡುಗೆಮನೆಯ ಬಾಗಿಲು ಮತ್ತು ವೇದಿಕೆಯ ಪಕ್ಕದ ಬಾಗಿಲು. ಮುಖ್ಯದ್ವಾರವನ್ನು ತಲುಪಲು ಟಿಕೆಟ್ ಪರಿಶೀಲಿಸುವ ಕಿರಿದಾದ ಹಜಾರವನ್ನು ಹಾದುಹೋಗಬೇಕಿತ್ತು.

ಕ್ಲಬ್ಬಿನ ಸಂಗೀತದ ಸದ್ದಿನ ಬಗ್ಗೆ ನೆರೆಹೊರೆಯವರಿಂದ ದೂರುಗಳು ಬಂದಿದ್ದವು. ಸದ್ದನ್ನು ತಗ್ಗಿಸುವ ಉದ್ದೇಶದಿಂದ 2000ನೇ ಇಸವಿಯಲ್ಲಿ ವೇದಿಕೆಯ ಸುತ್ತಲಿನ ಗೋಡೆಗಳಿಗೆ ಮತ್ತು ಡ್ರಮ್ ವಾದಕರು ಕೂರುವ ಗೂಡಿನ ಒಳಭಾಗಕ್ಕೆ ಪಾಲಿಯುರೆಥೇನ್ ಫೋಮ್ ಹಾಳೆಗಳನ್ನು ಅಂಟಿಸಲಾಯಿತು. ಇದು ಅಗ್ನಿನಿರೋಧಕ ಗುಣವುಳ್ಳ ಧ್ವನಿಶೋಷಕ ಸಾಮಗ್ರಿಯಾಗಿರಲಿಲ್ಲ. ಇಂತಹ ಫೋಮ್‌ನ ರಂಧ್ರಗಳಲ್ಲಿ ಗಾಳಿ ತುಂಬಿರುವುದರಿಂದ ಅದು ಅತಿ ವೇಗವಾಗಿ ಉರಿಯುತ್ತದೆ. ಉರಿಯುವಾಗ ದಟ್ಟವಾದ ಕಪ್ಪು ಹೊಗೆಯೊಂದಿಗೆ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಸೈನೈಡ್ ಎಂಬ ವಿಷಾನಿಲಗಳನ್ನು ಹೊರಸೂಸುತ್ತದೆ.

ವಾದ್ಯವೃಂದ ಮತ್ತು ಪೈರೋಟೆಕ್ನಿಕ್ಸ್

ಗ್ರೇಟ್ ವೈಟ್ 1980ರ ದಶಕದಲ್ಲಿ ಪ್ರಸಿದ್ಧಿಗೆ ಬಂದ ಕ್ಯಾಲಿಫೋರ್ನಿಯಾದ ಹಾರ್ಡ್ ರಾಕ್ ವಾದ್ಯವೃಂದವಾಗಿದೆ. 2003ರ ವೇಳೆಗೆ ಅದು ಗಾಯಕ ಜ್ಯಾಕ್ ರಸೆಲ್ ಅವರ ನೇತೃತ್ವದಲ್ಲಿ ಸಣ್ಣ ಕ್ಲಬ್ಬುಗಳಲ್ಲಿ ಕಾರ್ಯಕ್ರಮ ನೀಡುತ್ತಾ ಪ್ರವಾಸದಲ್ಲಿತ್ತು.

ಆ ರಾತ್ರಿ ಬಳಸಲಾದ ಸಾಧನಗಳನ್ನು 'ಜರ್ಬ್' ಎಂದು ಕರೆಯಲಾಗುತ್ತದೆ. ಜರ್ಬ್ ಎಂಬುದು ನಮ್ಮ ಹೂಕುಂಡದಂತೆ ಕಿಡಿಗಳ ಕಾರಂಜಿಯನ್ನು ಚಿಮ್ಮಿಸುವ, ಗಟ್ಟಿ ಕೊಳವೆಯಲ್ಲಿ ತುಂಬಿದ ಪೈರೋಟೆಕ್ನಿಕ್ ಸಾಧನವಾಗಿದೆ. ಎಷ್ಟು ಎತ್ತರಕ್ಕೆ, ಎಷ್ಟು ಹೊತ್ತು ಕಿಡಿ ಚಿಮ್ಮಬೇಕೆಂಬುದನ್ನು ತಯಾರಿಕೆಯಲ್ಲಿಯೇ ನಿಗದಿಪಡಿಸಲಾಗಿರುತ್ತದೆ. ದಿ ಸ್ಟೇಷನ್‌ನಲ್ಲಿ ಇರಿಸಲಾಗಿದ್ದ ನಾಲ್ಕು ಜರ್ಬ್‌ಗಳು 15 ಅಡಿ (ಸುಮಾರು 4.6 ಮೀಟರ್) ದೂರಕ್ಕೆ 15 ಸೆಕೆಂಡುಗಳ ಕಾಲ ಕಿಡಿ ಚಿಮ್ಮಿಸುವಂಥವು. ಅವುಗಳಲ್ಲಿ ಎರಡನ್ನು ನೇರವಾಗಿ ಮೇಲ್ಮುಖವಾಗಿಯೂ ಉಳಿದ ಎರಡನ್ನು ಎರಡು ಬದಿಗಳಿಗೆ ಓರೆಯಾಗಿಯೂ ಇರಿಸಲಾಗಿತ್ತು. ತಗ್ಗಾದ ಛಾವಣಿಯಿದ್ದ ಆ ಸಣ್ಣ ವೇದಿಕೆಯಲ್ಲಿ ಕಿಡಿಗಳು ಫೋಮ್ ಅಂಟಿಸಿದ ಗೋಡೆಗಳನ್ನು ತಲುಪುವುದು ಅನಿವಾರ್ಯವಾಗಿತ್ತು.

ರೋಡ್ ಐಲೆಂಡ್ ರಾಜ್ಯದ ಕಾನೂನಿನಂತೆ ಇಂತಹ ಪ್ರದರ್ಶನಕ್ಕೆ ಪೂರ್ವಾನುಮತಿಯೂ ಪರವಾನಗಿ ಹೊಂದಿದ ನಿರ್ವಾಹಕರೂ ಅಗತ್ಯವಿತ್ತು. ಇವೆರಡೂ ಇರಲಿಲ್ಲ. ಕ್ಲಬ್ಬಿನ ಮಾಲೀಕರು ಮೌಖಿಕವಾಗಿ ಒಪ್ಪಿಗೆ ನೀಡಿದ್ದರೆಂದು ವಾದ್ಯವೃಂದದವರು ಹೇಳಿದರೆ, ತಮಗೆ ಈ ವಿಷಯ ತಿಳಿದೇ ಇರಲಿಲ್ಲವೆಂದು ಮಾಲೀಕರು ಹೇಳಿದರು. ಲಿಖಿತ ಅನುಮತಿ ಇಲ್ಲದ ಕಾರಣ ಈ ವಿವಾದವು ಕೊನೆಯವರೆಗೂ ಉಳಿಯಿತು.

ಘಟನೆ

ರಾತ್ರಿ ಸುಮಾರು 11 ಗಂಟೆ 8 ನಿಮಿಷಕ್ಕೆ ವಾದ್ಯವೃಂದವು ಮೊದಲ ಗೀತೆಯನ್ನು ಆರಂಭಿಸುತ್ತಿದ್ದಂತೆ ಅದರ ಪ್ರವಾಸ ವ್ಯವಸ್ಥಾಪಕರು ಜರ್ಬ್‌ಗಳನ್ನು ಹೊತ್ತಿಸಿದರು. ಕೆಲವೇ ಸೆಕೆಂಡುಗಳಲ್ಲಿ ಡ್ರಮ್ ಗೂಡಿನ ಎರಡೂ ಬದಿಗಳ ಫೋಮ್‌ನಲ್ಲಿ ಜ್ವಾಲೆ ಕಾಣಿಸಿಕೊಂಡಿತು. ಪ್ರೇಕ್ಷಕರಲ್ಲಿ ಹಲವರು ಆರಂಭದಲ್ಲಿ ಇದನ್ನು ಪ್ರದರ್ಶನದ ಭಾಗವೆಂದೇ ಭಾವಿಸಿದರು.

ಸ್ಥಳದಲ್ಲಿದ್ದ ದೂರದರ್ಶನ ವಾಹಿನಿಯೊಂದರ ಛಾಯಾಗ್ರಾಹಕರು ಚಿತ್ರೀಕರಿಸಿದ ದೃಶ್ಯಗಳಿಂದ ಘಟನೆಯ ಪ್ರತಿ ಹಂತದ ಸಮಯವನ್ನು ತನಿಖಾಧಿಕಾರಿಗಳು ಗುರುತಿಸಲು ಸಾಧ್ಯವಾಯಿತು. ಇದಕ್ಕೆ ಮೂರು ದಿನಗಳ ಹಿಂದೆ, ಫೆಬ್ರವರಿ 17ರಂದು, ಷಿಕಾಗೋದ 'ಇ2' ಎಂಬ ನೈಟ್‌ಕ್ಲಬ್‌ನಲ್ಲಿ ಕಾಲ್ತುಳಿತ ಉಂಟಾಗಿ 21 ಜನರು ಮೃತಪಟ್ಟಿದ್ದರು. ಆ ಹಿನ್ನೆಲೆಯಲ್ಲಿ ನೈಟ್‌ಕ್ಲಬ್‌ಗಳ ಸುರಕ್ಷತೆಯ ಕುರಿತ ವರದಿಯೊಂದಕ್ಕಾಗಿಯೇ ಆ ಛಾಯಾಗ್ರಾಹಕರು ಅಂದು ದಿ ಸ್ಟೇಷನ್‌ಗೆ ಬಂದಿದ್ದರು.

ಫೋಮ್‌ಗೆ ಬೆಂಕಿ ಹತ್ತಿದ ನಂತರದ ಘಟನಾಕ್ರಮ ಹೀಗಿದೆ:

• ಸುಮಾರು 24 ಸೆಕೆಂಡು: ಪ್ರೇಕ್ಷಕರಲ್ಲಿ ಕೆಲವರು ಅಪಾಯವನ್ನು ಗುರುತಿಸಿ ಹೊರಡತೊಡಗಿದರು.
• ಸುಮಾರು 30 ಸೆಕೆಂಡು: ವಾದ್ಯವೃಂದವು ನುಡಿಸುವುದನ್ನು ನಿಲ್ಲಿಸಿತು. ಬಹುತೇಕ ಜನರು ಬಾಗಿಲಿನತ್ತ ಹೊರಟರು.
• ಸುಮಾರು 41 ಸೆಕೆಂಡು: ಎಚ್ಚರಿಕೆ ಗಂಟೆ ಮೊಳಗಿತು.
• 90 ಸೆಕೆಂಡುಗಳೊಳಗೆ: ಮುಖ್ಯದ್ವಾರದಲ್ಲಿ ನೂಕುನುಗ್ಗಲು ಉಂಟಾಗಿ ಜನರು ಒಬ್ಬರ ಮೇಲೊಬ್ಬರು ಬಿದ್ದರು. ಆ ದಾರಿಯು ಬಹುಮಟ್ಟಿಗೆ ಮುಚ್ಚಿಹೋಯಿತು.
• ಸುಮಾರು 5 ನಿಮಿಷ: ಬಾಗಿಲು ಮತ್ತು ಕಿಟಕಿಗಳಿಂದ ಜ್ವಾಲೆಗಳು ಹೊರಚಾಚಿದವು. ಅಗ್ನಿಶಾಮಕ ವಾಹನ ಸ್ಥಳಕ್ಕೆ ತಲುಪಿದ್ದೂ ಇದೇ ಹೊತ್ತಿನಲ್ಲಿ.

ಒಳಗಿದ್ದವರಲ್ಲಿ ಮೂರನೇ ಎರಡರಷ್ಟು ಜನರು ತಾವು ಒಳಬಂದ ಮುಖ್ಯದ್ವಾರದ ಕಡೆಗೇ ಹೋಗಲು ಯತ್ನಿಸಿದರು. ಅಪಾಯದ ಹೊತ್ತಿನಲ್ಲಿ ಮನುಷ್ಯರು ಹತ್ತಿರದ ದಾರಿಗಿಂತ ಪರಿಚಿತ ದಾರಿಯನ್ನೇ ಆರಿಸಿಕೊಳ್ಳುತ್ತಾರೆ ಎಂಬುದಕ್ಕೆ ಈ ಸಂಗತಿಯನ್ನು ಸಾಕ್ಷಿಯಾಗಿ ಉಲ್ಲೇಖಿಸಲಾಗುತ್ತದೆ. ಹಲವರು ಕಿಟಕಿಗಳನ್ನು ಒಡೆದು ಪಾರಾದರು.

ಜೀವಹಾನಿ

ಮೃತಪಟ್ಟ 100 ಜನರಲ್ಲಿ 96 ಮಂದಿ ಅದೇ ರಾತ್ರಿ ಅಸುನೀಗಿದರು. ಉಳಿದ ನಾಲ್ವರು ನಂತರದ ದಿನಗಳಲ್ಲಿ ಆಸ್ಪತ್ರೆಗಳಲ್ಲಿ ಕೊನೆಯುಸಿರೆಳೆದರು. ವಾದ್ಯವೃಂದದ ಗಿಟಾರ್ ವಾದಕ ಟೈ ಲಾಂಗ್ಲಿ ಮೃತರಲ್ಲಿ ಒಬ್ಬರು. ಕ್ಲಬ್ಬಿನ ಸಿಬ್ಬಂದಿಯೂ ಪ್ರಾಣ ಕಳೆದುಕೊಂಡರು. ಸುಟ್ಟಗಾಯಗಳು, ಹೊಗೆಯ ಸೇವನೆ ಮತ್ತು ನೂಕುನುಗ್ಗಲು ಸಾವುನೋವುಗಳಿಗೆ ಕಾರಣವಾದವು. ಪಾರಾದವರಲ್ಲಿ ಅನೇಕರು ಶಾಶ್ವತವಾದ ಸುಟ್ಟಗಾಯದ ಗುರುತುಗಳೊಂದಿಗೂ ಮಾನಸಿಕ ಆಘಾತದೊಂದಿಗೂ ಬದುಕಬೇಕಾಯಿತು.

ಘಟನೆಯ ವೇಳೆ ಕಟ್ಟಡದಲ್ಲಿ ಎಷ್ಟು ಜನರಿದ್ದರು ಎಂಬ ಬಗ್ಗೆ ಭಿನ್ನ ಅಂದಾಜುಗಳಿವೆ. ಸುಮಾರು 440ರಿಂದ 460ಕ್ಕೂ ಹೆಚ್ಚು ಜನರಿದ್ದರೆಂದು ಅವು ಸೂಚಿಸುತ್ತವೆ. ಕಟ್ಟಡಕ್ಕೆ ಅನುಮತಿಸಲಾಗಿದ್ದ ಗರಿಷ್ಠ ಸಂಖ್ಯೆ 404 ಆಗಿತ್ತು.

ತನಿಖೆ

ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು (ಎನ್‌ಐಎಸ್‌ಟಿ) ದುರಂತದ ತಾಂತ್ರಿಕ ತನಿಖೆಯನ್ನು ನಡೆಸಿ 2005ರಲ್ಲಿ ಅಂತಿಮ ವರದಿಯನ್ನು ಪ್ರಕಟಿಸಿತು. ಸಂಸ್ಥೆಯ ತಜ್ಞರು ವೇದಿಕೆಯ ಭಾಗದ ಪೂರ್ಣಪ್ರಮಾಣದ ಮಾದರಿಯನ್ನು ಪ್ರಯೋಗಾಲಯದಲ್ಲಿ ನಿರ್ಮಿಸಿ ಎರಡು ಬಗೆಯಲ್ಲಿ ಸುಟ್ಟು ಪರೀಕ್ಷಿಸಿದರು. ಸ್ಪ್ರಿಂಕ್ಲರ್ ಇಲ್ಲದ ಮಾದರಿಯಲ್ಲಿ ಸುಮಾರು 90 ಸೆಕೆಂಡುಗಳೊಳಗೆ ಮನುಷ್ಯರು ಬದುಕಿ ಉಳಿಯಲಾಗದ ಸ್ಥಿತಿ ಉಂಟಾಯಿತು. ಸ್ಪ್ರಿಂಕ್ಲರ್ ಅಳವಡಿಸಿದ ಮಾದರಿಯಲ್ಲಿ ಬೆಂಕಿ ಬೇಗನೆ ಹತೋಟಿಗೆ ಬಂದಿತು ಮತ್ತು ಪರೀಕ್ಷೆಯ ಉದ್ದಕ್ಕೂ ಜನರು ಪಾರಾಗಬಹುದಾದ ಸ್ಥಿತಿಯೇ ಮುಂದುವರಿಯಿತು.

ವರದಿಯ ಪ್ರಕಾರ ಜೀವಹಾನಿಗೆ ಮುಖ್ಯ ಕಾರಣಗಳು ಮೂರು: ಬೇಗನೆ ಉರಿಯುವ ಫೋಮ್, ಆರಂಭದ ಹಂತದಲ್ಲಿ ಬೆಂಕಿಯನ್ನು ಅಡಗಿಸಲು ಸ್ಪ್ರಿಂಕ್ಲರ್ ಇಲ್ಲದಿದ್ದುದು ಮತ್ತು ಲಭ್ಯವಿದ್ದ ಅಲ್ಪಾವಧಿಯಲ್ಲಿ ಎಲ್ಲರೂ ಹೊರಬರಲು ನಿರ್ಗಮನ ದಾರಿಗಳು ಸಾಲದೆ ಹೋದುದು. ಬೆಂಕಿಯ ಮೂಲ ಜರ್ಬ್ ಆಗಿದ್ದರೂ ಕಿಡಿಯು ದುರಂತವಾಗಿ ಪರಿಣಮಿಸಿದ್ದು ಈ ಮೂರೂ ಒಂದೆಡೆ ಸೇರಿದ್ದರಿಂದ.

ಹೊಣೆಗಾರಿಕೆ

ಈ ದುರಂತದಲ್ಲಿ ತಪ್ಪು ಒಂದೇ ಕಡೆ ಇರಲಿಲ್ಲ. ಬೇರೆ ಬೇರೆ ಸಮಯದಲ್ಲಿ ಬೇರೆ ಬೇರೆ ವ್ಯಕ್ತಿಗಳಿಗೆ ಅದನ್ನು ತಡೆಯುವ ಅವಕಾಶವಿತ್ತು.

• ವಾದ್ಯವೃಂದ ಮತ್ತು ಅದರ ವ್ಯವಸ್ಥಾಪಕರು: ಪರವಾನಗಿಯಿಲ್ಲದೆ, ವೇದಿಕೆಯ ಗೋಡೆಗಳ ಸಾಮಗ್ರಿ ಯಾವುದೆಂದು ಪರೀಕ್ಷಿಸದೆ ಕಿಡಿಸಾಧನಗಳನ್ನು ಬಳಸಿದರು.
• ಕ್ಲಬ್ಬಿನ ಮಾಲೀಕರು: ಬೇಗನೆ ಹೊತ್ತಿಕೊಳ್ಳುವ ಫೋಮ್ ಅನ್ನು ಸಾರ್ವಜನಿಕರು ಸೇರುವ ಸ್ಥಳದಲ್ಲಿ ಅಂಟಿಸಿದ್ದರು.
• ಪರಿಶೀಲನಾ ವ್ಯವಸ್ಥೆ: ಪಟ್ಟಣದ ಅಗ್ನಿ ಸುರಕ್ಷತಾ ಪರಿಶೀಲನೆಗಳಲ್ಲಿ ವೇದಿಕೆಯ ಬಳಿಯ ಬಾಗಿಲು ಒಳಮುಖವಾಗಿ ತೆರೆಯುವುದು ದಾಖಲಾಗಿತ್ತು. ಆದರೆ ಅದೇ ಬಾಗಿಲಿನ ಸುತ್ತಲೂ ಇದ್ದ ಫೋಮ್ ವರದಿಗಳಲ್ಲಿ ಉಲ್ಲೇಖಗೊಳ್ಳಲಿಲ್ಲ.
• ನಿಯಮಗಳು: ಹೊಸ ಕಟ್ಟಡಗಳಿಗೆ ಅನ್ವಯಿಸುತ್ತಿದ್ದ ಸ್ಪ್ರಿಂಕ್ಲರ್ ನಿಯಮಗಳಿಂದ ಹಳೆಯ ಕಟ್ಟಡಗಳಿಗೆ ವಿನಾಯಿತಿ ದೊರೆಯುತ್ತಿತ್ತು.

ಪ್ರತಿಯೊಬ್ಬರೂ ಸುರಕ್ಷತೆಯನ್ನು ಇನ್ನೊಬ್ಬರು ನೋಡಿಕೊಂಡಿದ್ದಾರೆಂದು ಭಾವಿಸಿದಾಗ ಯಾರೂ ನೋಡಿಕೊಳ್ಳದ ಸ್ಥಿತಿ ಉಂಟಾಗುತ್ತದೆ. ಲಿಖಿತ ಅನುಮತಿಯ ಪದ್ಧತಿಯ ಉದ್ದೇಶ ಇದನ್ನು ತಪ್ಪಿಸುವುದೇ ಆಗಿದೆ. ಅರ್ಜಿ ಸಲ್ಲಿಸಿದ್ದರೆ ಸಾಧನ, ಅಂತರ, ಗೋಡೆಯ ಸಾಮಗ್ರಿ ಮತ್ತು ನಿರ್ಗಮನ ದಾರಿಗಳನ್ನು ಪರಿಣತರೊಬ್ಬರು ಒಟ್ಟಾಗಿ ಪರಿಶೀಲಿಸುವ ಸಂದರ್ಭ ಒದಗುತ್ತಿತ್ತು.

ಕಾನೂನು ಕ್ರಮಗಳು

2003ರ ಡಿಸೆಂಬರ್‌ನಲ್ಲಿ ಪ್ರವಾಸ ವ್ಯವಸ್ಥಾಪಕರು ಮತ್ತು ಸಹೋದರರಾದ ಇಬ್ಬರು ಮಾಲೀಕರ ಮೇಲೆ ಉದ್ದೇಶಪೂರ್ವಕವಲ್ಲದ ನರಹತ್ಯೆಯ ಆರೋಪಗಳನ್ನು ಹೊರಿಸಲಾಯಿತು. ಪ್ರತಿ ಸಾವಿಗೆ ಎರಡರಂತೆ ಒಬ್ಬೊಬ್ಬರ ಮೇಲೂ 200 ಆರೋಪಗಳಿದ್ದವು.

ಪ್ರವಾಸ ವ್ಯವಸ್ಥಾಪಕರು 2006ರ ಫೆಬ್ರವರಿಯಲ್ಲಿ 100 ಆರೋಪಗಳ ಮಟ್ಟಿಗೆ ತಪ್ಪೊಪ್ಪಿಕೊಂಡರು. ಅದೇ ವರ್ಷದ ಮೇ ತಿಂಗಳಲ್ಲಿ ಅವರಿಗೆ 15 ವರ್ಷಗಳ ಶಿಕ್ಷೆ ವಿಧಿಸಿ, ಅದರಲ್ಲಿ 4 ವರ್ಷಗಳನ್ನು ಸೆರೆಮನೆಯಲ್ಲಿ ಕಳೆಯಬೇಕೆಂದು ಆದೇಶಿಸಲಾಯಿತು. ಅವರು ಮೃತರ ಕುಟುಂಬಗಳಿಗೆ ಸ್ವಹಸ್ತಾಕ್ಷರದ ಪತ್ರಗಳನ್ನು ಬರೆದರು. 2008ರಲ್ಲಿ ಅವರನ್ನು ಪೆರೋಲ್ ಮೇಲೆ ಬಿಡುಗಡೆ ಮಾಡಲಾಯಿತು. ಮಾಲೀಕರು ಆರೋಪಗಳನ್ನು ಪ್ರಶ್ನಿಸದಿರಲು ನಿರ್ಧರಿಸಿದ ಕಾರಣ ಸಾಕ್ಷ್ಯಗಳ ಪೂರ್ಣ ವಿಚಾರಣೆ ನಡೆಯಲಿಲ್ಲ. 2006ರ ಸೆಪ್ಟೆಂಬರ್‌ನಲ್ಲಿ ಅವರಲ್ಲಿ ಒಬ್ಬರಿಗೆ 4 ವರ್ಷಗಳ ಸೆರೆವಾಸವನ್ನೂ ಇನ್ನೊಬ್ಬರಿಗೆ ಅಮಾನತು ಶಿಕ್ಷೆಯೊಂದಿಗೆ 500 ಗಂಟೆಗಳ ಸಮಾಜಸೇವೆಯನ್ನೂ ವಿಧಿಸಲಾಯಿತು. ವಿಚಾರಣೆ ನಡೆಯದೆ ಪ್ರಕರಣ ಮುಗಿದುದಕ್ಕೆ ಮೃತರ ಕುಟುಂಬದವರಲ್ಲಿ ಅನೇಕರು ಅಸಮಾಧಾನ ವ್ಯಕ್ತಪಡಿಸಿದರು. ಪಟ್ಟಣದ ಪರಿಶೀಲನಾಧಿಕಾರಿಯ ಮೇಲೆ ಕ್ರಿಮಿನಲ್ ಆರೋಪ ಹೊರಿಸಲಾಗಲಿಲ್ಲ.

ಸಿವಿಲ್ ಮೊಕದ್ದಮೆಗಳಲ್ಲಿ ಹತ್ತಾರು ಪ್ರತಿವಾದಿಗಳು ಒಟ್ಟು ಸುಮಾರು 17.6 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿದರು. ರಾಜ್ಯ ಸರ್ಕಾರ ಮತ್ತು ವೆಸ್ಟ್ ವಾರ್ವಿಕ್ ಪಟ್ಟಣ ತಲಾ 1 ಕೋಟಿ ಡಾಲರ್ ನೀಡಲು ಒಪ್ಪಿದವು.

ನಿಯಮಗಳಲ್ಲಿ ಬದಲಾವಣೆ

ದುರಂತದ ನಂತರ ಅದೇ ವರ್ಷ ರೋಡ್ ಐಲೆಂಡ್ ರಾಜ್ಯವು ಹೊಸ ಅಗ್ನಿ ಸುರಕ್ಷತಾ ಕಾಯಿದೆಯನ್ನು ಜಾರಿಗೆ ತಂದು, ಹಳೆಯ ಕಟ್ಟಡಗಳಿಗಿದ್ದ ವಿನಾಯಿತಿಯನ್ನು ಕೊನೆಗೊಳಿಸಿತು. ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘವು (ಎನ್‌ಎಫ್‌ಪಿಎ) ತನ್ನ ಮಾದರಿ ನಿಯಮಗಳನ್ನು ತಿದ್ದುಪಡಿ ಮಾಡಿ, ಎಲ್ಲ ಹೊಸ ನೈಟ್‌ಕ್ಲಬ್‌ಗಳಲ್ಲಿಯೂ 100ಕ್ಕೂ ಹೆಚ್ಚು ಜನರು ಸೇರುವ ಹಳೆಯ ನೈಟ್‌ಕ್ಲಬ್‌ಗಳಲ್ಲಿಯೂ ಸ್ಪ್ರಿಂಕ್ಲರ್ ಅಗತ್ಯವೆಂದು ಸೂಚಿಸಿತು. ಜನಸಂದಣಿಯನ್ನು ನಿರ್ವಹಿಸಲು ತರಬೇತಿ ಪಡೆದ ಸಿಬ್ಬಂದಿ ಇರಬೇಕೆಂಬ ನಿಯಮವೂ ಬಿಗಿಯಾಯಿತು. ಬಹುಪಾಲು ಜನರು ಮುಖ್ಯದ್ವಾರಕ್ಕೇ ಹೋಗುತ್ತಾರೆ ಎಂಬ ಅನುಭವದ ಆಧಾರದ ಮೇಲೆ, ಅದರ ಅಗಲವು ಒಟ್ಟು ಜನರಲ್ಲಿ ಮೂರನೇ ಎರಡರಷ್ಟು ಮಂದಿಗೆ ಸಾಲುವಂತಿರಬೇಕೆಂದು ನಂತರ ನಿಗದಿಪಡಿಸಲಾಯಿತು.

ಸಮೀಪದ ಪ್ರೇಕ್ಷಕರ ಮುಂದೆ ಪೈರೋಟೆಕ್ನಿಕ್ಸ್ ಬಳಸುವುದಕ್ಕೆ ಈ ಸಂಘದ ಪ್ರತ್ಯೇಕ ಮಾನಕವೊಂದಿದ್ದು, ಅದನ್ನು 'ಎನ್‌ಎಫ್‌ಪಿಎ 1126' ಎಂದು ಕರೆಯಲಾಗುತ್ತದೆ. ದುರಂತಕ್ಕೆ ಮುನ್ನವೇ ಅಸ್ತಿತ್ವದಲ್ಲಿದ್ದ ಈ ಮಾನಕದ ಪ್ರಕಾರ ಸಾಧನ ಮತ್ತು ಪ್ರೇಕ್ಷಕರ ನಡುವೆ ಕನಿಷ್ಠ 15 ಅಡಿ ಅಥವಾ ಕಿಡಿಗಳು ಬೀಳುವ ವೃತ್ತದ ತ್ರಿಜ್ಯದ ಎರಡರಷ್ಟು, ಇವೆರಡರಲ್ಲಿ ಹೆಚ್ಚಿನ ಅಂತರವಿರಬೇಕು. ದಿ ಸ್ಟೇಷನ್ ಪ್ರಕರಣದಲ್ಲಿ ಕೊರತೆಯಿದ್ದದ್ದು ನಿಯಮಗಳಲ್ಲಿ ಮಾತ್ರವಲ್ಲ, ಇದ್ದ ನಿಯಮಗಳ ಪಾಲನೆಯಲ್ಲಿಯೂ ಆಗಿತ್ತು.

ಇದೇ ಬಗೆಯ ಇತರ ದುರಂತಗಳು

ದಿ ಸ್ಟೇಷನ್ ಘಟನೆಯ ವಿವರಗಳು ವ್ಯಾಪಕವಾಗಿ ಪ್ರಚಾರಗೊಂಡಿದ್ದರೂ ಇತರ ದೇಶಗಳಲ್ಲಿ ಅದೇ ಮಾದರಿಯ ದುರಂತಗಳು ಮರುಕಳಿಸಿವೆ.

• ರಿಪಬ್ಲಿಕಾ ಕ್ರೊಮಾನ್ಯೋನ್, ಬ್ಯೂನಸ್ ಐರಿಸ್, ಅರ್ಜೆಂಟೀನಾ (2004ರ ಡಿಸೆಂಬರ್ 30): ರಾಕ್ ಕಾರ್ಯಕ್ರಮದಲ್ಲಿ ಪ್ರೇಕ್ಷಕರ ನಡುವಿನಿಂದ ಹಾರಿಸಿದ ಪಟಾಕಿಯಿಂದ ಛಾವಣಿಗೆ ಬೆಂಕಿ ತಗುಲಿತು. 194 ಜನರು ಮೃತಪಟ್ಟರು. ತುರ್ತು ನಿರ್ಗಮನದ ಬಾಗಿಲನ್ನು ಮುಚ್ಚಿ ಭದ್ರಪಡಿಸಲಾಗಿತ್ತು.
• ಕ್ರೊಮಾಯಾ ಲೋಷದ್ ಕ್ಲಬ್, ಪೆರ್ಮ್, ರಷ್ಯಾ (2009ರ ಡಿಸೆಂಬರ್ 5): ಒಳಾಂಗಣದ ಪಟಾಕಿ ಪ್ರದರ್ಶನದ ಕಿಡಿಗಳು ತಗ್ಗಾದ ಛಾವಣಿಯ ಅಲಂಕಾರಕ್ಕೆ ತಗುಲಿದವು. 150ಕ್ಕೂ ಹೆಚ್ಚು ಜನರು ಮೃತಪಟ್ಟರು.
• ಕಿಸ್ ನೈಟ್‌ಕ್ಲಬ್, ಸಾಂತಾ ಮರಿಯಾ, ಬ್ರೆಜಿಲ್ (2013ರ ಜನವರಿ 27): ವಾದ್ಯವೃಂದವು ಹೊತ್ತಿಸಿದ, ಹೊರಾಂಗಣಕ್ಕಷ್ಟೇ ತಕ್ಕುದಾದ ಕಿಡಿಸಾಧನದಿಂದ ಛಾವಣಿಯ ಫೋಮ್ ಹೊತ್ತಿಕೊಂಡಿತು. 242 ಜನರು ಮೃತಪಟ್ಟರು.
• ಕೊಲೆಕ್ಟಿವ್ ಕ್ಲಬ್, ಬುಕಾರೆಸ್ಟ್, ರೊಮೇನಿಯಾ (2015ರ ಅಕ್ಟೋಬರ್ 30): ವೇದಿಕೆಯ ಕಿಡಿಕಾರಂಜಿಗಳಿಂದ ಕಂಬಕ್ಕೆ ಅಂಟಿಸಿದ್ದ ಫೋಮ್‌ಗೆ ಬೆಂಕಿ ಹತ್ತಿ 60ಕ್ಕೂ ಹೆಚ್ಚು ಜನರು ಮೃತಪಟ್ಟರು. ನಂತರದ ಸಾರ್ವಜನಿಕ ಪ್ರತಿಭಟನೆಗಳಿಂದ ಪ್ರಧಾನಮಂತ್ರಿ ವಿಕ್ಟರ್ ಪೊಂತಾ ರಾಜೀನಾಮೆ ನೀಡಿದರು.
• ಕೊಚಾನಿ, ಉತ್ತರ ಮ್ಯಾಸಿಡೋನಿಯಾ (2025ರ ಮಾರ್ಚ್ 16): ಸಂಗೀತ ಕಾರ್ಯಕ್ರಮದ ವೇಳೆ ಕಿಡಿಗಳು ಛಾವಣಿಗೆ ತಗುಲಿ ಸುಮಾರು 60 ಜನರು ಮೃತಪಟ್ಟರು.

ಮುಚ್ಚಿದ ಸಣ್ಣ ಆವರಣ, ಕಿಡಿ ಚಿಮ್ಮುವ ಸಾಧನ, ಬೇಗನೆ ಹೊತ್ತಿಕೊಳ್ಳುವ ಛಾವಣಿ ಅಥವಾ ಗೋಡೆ, ತೀರಾ ಕಡಿಮೆ ನಿರ್ಗಮನ ದಾರಿ ಎಂಬ ನಾಲ್ಕು ಅಂಶಗಳು ಇಂತಹ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಂಡುಬರುತ್ತವೆ.

ಸುರಕ್ಷತಾ ಕ್ರಮಗಳು

ಈ ದುರಂತಗಳ ಅಧ್ಯಯನದಿಂದ ಪೈರೋಟೆಕ್ನಿಕ್ಸ್ ಬಳಸುವ ಕಾರ್ಯಕ್ರಮಗಳಿಗೆ ಸಾಮಾನ್ಯವಾಗಿ ಅನ್ವಯಿಸುವ ಕ್ರಮಗಳು ರೂಪುಗೊಂಡಿವೆ.

• ಪ್ರದರ್ಶನಕ್ಕೆ ಮುನ್ನ ಸ್ಥಳೀಯ ಅಗ್ನಿಶಾಮಕ ಪ್ರಾಧಿಕಾರದಿಂದ ಲಿಖಿತ ಅನುಮತಿ ಪಡೆಯುವುದು. ಅರ್ಜಿಯೊಂದಿಗೆ ಸಾಧನಗಳ ವಿವರ ಮತ್ತು ವೇದಿಕೆಯ ನಕ್ಷೆಯನ್ನು ನೀಡುವುದು.
• ತರಬೇತಿ ಮತ್ತು ಪರವಾನಗಿ ಹೊಂದಿದ ನಿರ್ವಾಹಕರು ಮಾತ್ರ ಸಾಧನಗಳನ್ನು ಜೋಡಿಸಿ ಹೊತ್ತಿಸುವುದು. ಅಪಾಯ ಕಂಡೊಡನೆ ಪ್ರದರ್ಶನವನ್ನು ನಿಲ್ಲಿಸುವ ಅಧಿಕಾರ ಅವರಿಗಿರುವುದು.
• ಗೋಡೆ, ಛಾವಣಿ, ಪರದೆ ಮತ್ತು ಅಲಂಕಾರ ಸಾಮಗ್ರಿಗಳ ದಹನಗುಣವನ್ನು ಮೊದಲೇ ಪರೀಕ್ಷಿಸುವುದು. ಹೊರಾಂಗಣ ಸಾಧನಗಳನ್ನು ಒಳಾಂಗಣದಲ್ಲಿ ಬಳಸದಿರುವುದು.
• ಅಗ್ನಿಶಾಮಕ ಉಪಕರಣಗಳೊಂದಿಗೆ ಸಿಬ್ಬಂದಿಯನ್ನು ವೇದಿಕೆಯ ಬಳಿ ಸನ್ನದ್ಧವಾಗಿ ಇರಿಸುವುದು.
• ನಿಗದಿತ ಸಂಖ್ಯೆಗಿಂತ ಹೆಚ್ಚು ಜನರನ್ನು ಒಳಬಿಡದಿರುವುದು. ಎಲ್ಲ ಬಾಗಿಲುಗಳನ್ನು ತಡೆಯಿಲ್ಲದೆ ತೆರೆಯುವಂತೆ ಇಡುವುದು.
• ಕಾರ್ಯಕ್ರಮದ ಆರಂಭದಲ್ಲಿ ನಿರ್ಗಮನ ದಾರಿಗಳನ್ನು ಪ್ರೇಕ್ಷಕರಿಗೆ ಪ್ರಕಟಿಸುವುದು. ಬೆಂಕಿ ಕಂಡೊಡನೆ ಸಂಗೀತವನ್ನು ನಿಲ್ಲಿಸಿ ದೀಪಗಳನ್ನು ಬೆಳಗಿಸುವುದು.

ದಿ ಸ್ಟೇಷನ್‌ನಂತಹ ಅಥವಾ ಅದಕ್ಕಿಂತ ಸಣ್ಣ ಕ್ಲಬ್ಬುಗಳಿಂದ ಎಲ್ಲರೂ ಹೊರಬರಲು ಗರಿಷ್ಠ 90 ಸೆಕೆಂಡುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕೆಂದೂ, ಒಂದು ದಾರಿ ಮುಚ್ಚಿಹೋದರೂ ಉಳಿದವು ಸಾಲುವಂತಿರಬೇಕೆಂದೂ ಎನ್‌ಐಎಸ್‌ಟಿ ವರದಿ ಶಿಫಾರಸು ಮಾಡಿದೆ. ಪ್ರೇಕ್ಷಕರಿಗೂ ಇದರಲ್ಲಿ ಪಾತ್ರವಿದೆ. ಒಳಬಂದ ಬಾಗಿಲಲ್ಲದೆ ಇನ್ನೊಂದು ದಾರಿಯನ್ನು ಮೊದಲೇ ಗುರುತಿಸಿಕೊಳ್ಳುವುದು ಮತ್ತು ಅನುಮಾನ ಬಂದೊಡನೆ ಹೊರಡುವುದು ಜೀವರಕ್ಷಕವಾಗಬಲ್ಲದು.

ಸ್ಮಾರಕ

ದುರಂತದ ನಂತರ ಸುಟ್ಟ ಕಟ್ಟಡದ ಅವಶೇಷಗಳನ್ನು ತೆರವುಗೊಳಿಸಲಾಯಿತು. ಮೃತರ ಬಂಧುಗಳು ಮತ್ತು ಪಾರಾದವರು ಆ ಜಾಗದಲ್ಲಿ ಶಿಲುಬೆಗಳು, ಭಾವಚಿತ್ರಗಳು ಮತ್ತು ಹೂಗಳನ್ನಿಟ್ಟು ವರ್ಷಗಳ ಕಾಲ ಅದನ್ನು ತಾತ್ಕಾಲಿಕ ಸ್ಮಾರಕವಾಗಿ ಉಳಿಸಿಕೊಂಡರು. 2012ರಲ್ಲಿ ಜಮೀನನ್ನು ಸ್ಮಾರಕಕ್ಕಾಗಿ ದಾನವಾಗಿ ನೀಡಲಾಯಿತು. 2017ರ ಮೇ 21ರಂದು 'ಸ್ಟೇಷನ್ ಫೈರ್ ಸ್ಮಾರಕ ಉದ್ಯಾನ'ವನ್ನು ಅಲ್ಲಿ ಉದ್ಘಾಟಿಸಲಾಯಿತು. ಉದ್ಯಾನದಲ್ಲಿ ಮೃತಪಟ್ಟ 100 ಜನರನ್ನೂ ಹೆಸರಿಸಿ ಸ್ಮರಿಸಲಾಗಿದೆ.